ಸ್ಟ್ರಕ್ ಆಯ್ತು ಸಾರ್: ಕೆಲಸ ಹಂಚಿದ ಮೇಲೂ ಆ್ಯಪ್ ಯಾಕೆ ನಿಲ್ಲುತ್ತದೆ?

(ಆ್ಯಪ್ ಬರೆಯುವ ಗೆಳೆಯರು ಮತ್ತು ಇಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು. ರೆಕಾರ್ಡಿಂಗ್ ಕೇಳಿಕೊಂಡು ಬರೆದದ್ದು.)

ಮೊಬೈಲ್ ರಿಪೇರಿ ಅಂಗಡಿಯಲ್ಲಿ ಹತ್ತು ನಿಮಿಷ ನಿಂತರೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ. "ಸ್ಟ್ರಕ್ ಆಗ್ತಾ ಇದೆ ಸಾರ್." ಇಂಗ್ಲಿಷ್ ಮೇಷ್ಟ್ರು ಕೇಳಿದರೆ ಆ ಪದವನ್ನು ತಿದ್ದುತ್ತಾರೆ. ನಾನು ತಿದ್ದಲ್ಲ. ಜನ ಹೇಳುತ್ತಿರುವ ವಿಷಯ ಬಹಳ ಖಚಿತವಾಗಿದೆ. ಫೋನು ಆಫ್ ಆಗಿಲ್ಲ. ಹಿಂದೆ ಹಾಡು ಬರುತ್ತಲೇ ಇದೆ. ಗಡಿಯಾರ ಓಡುತ್ತಿದೆ. ಮುಟ್ಟಿದರೆ ಮಾತ್ರ ಓಗೊಡುತ್ತಿಲ್ಲ. ಅಂದರೆ ಯಂತ್ರಕ್ಕೆ ಕೆಲಸ ಮಾಡುವ ಶಕ್ತಿ ಇದೆ, ನಮ್ಮ ಮಾತು ಕೇಳಿಸಿಕೊಳ್ಳುವ ಒಬ್ಬನು ಮಾತ್ರ ಎಲ್ಲೋ ಸಿಕ್ಕಿಹಾಕಿಕೊಂಡಿದ್ದಾನೆ.

ಆ ಒಬ್ಬನು ಎಲ್ಲಿ, ಹೇಗೆ ಸಿಕ್ಕಿಹಾಕಿಕೊಳ್ಳುತ್ತಾನೆ ಅಂತ ನಾನು ಕಲಿತದ್ದು ಒಂದು ದಿನಸಿ ಅಂಗಡಿಯಲ್ಲಿ. ಅದೇ ಕಥೆ ಹೇಳುತ್ತೇನೆ. ನಡುನಡುವೆ ಬೇರೆ ಕಡೆಗೂ ಹೋಗುತ್ತೇನೆ, ಬೇಜಾರು ಮಾಡ್ಕೋಬೇಡಿ.

ಆಗ ನಾವು ಆಂಡ್ರಾಯ್ಡ್ ಟ್ಯಾಬ್ಲೆಟ್‌ಗೆ ಒಂದು ಬಿಲ್ಲಿಂಗ್ ಆ್ಯಪ್ ಮಾಡಿದ್ದೆವು. ತುಮಕೂರು ಕಡೆಯ ಒಂದು ಅಂಗಡಿಗೆ ಹಾಕಿಕೊಟ್ಟೆವು. ಪಕ್ಕದಲ್ಲಿ ಒಂದು ಬಾರ್‌ಕೋಡ್ ಸ್ಕ್ಯಾನರ್. ಈ ಸ್ಕ್ಯಾನರ್ ಬಗ್ಗೆ ನಿಮಗೆ ಒಂದು ವಿಷಯ ಗೊತ್ತಿರಬೇಕು. ಅದು ತನ್ನನ್ನು ಕೀಬೋರ್ಡ್ ಅಂತಲೇ ಪರಿಚಯ ಮಾಡಿಕೊಳ್ಳುತ್ತದೆ. ಸೋಪಿನ ಪೊಟ್ಟಣ ತೋರಿಸಿದರೆ 890ರಿಂದ ಶುರುವಾಗುವ 13 ಅಂಕಿಗಳನ್ನು ಪಟಪಟ ಅಂತ ಟೈಪ್ ಮಾಡಿ ಕೊನೆಗೆ ಎಂಟರ್ ಒತ್ತುತ್ತದೆ. ಆ್ಯಪ್‌ನ ಕಣ್ಣಿಗೆ ಅದು ಸ್ಕ್ಯಾನರ್ ಅಲ್ಲವೇ ಅಲ್ಲ, ಭಯಂಕರ ವೇಗದ ಟೈಪಿಸ್ಟ್.

ನಾವು ಹುಡುಕುವ ಬಾಕ್ಸ್‌ಗೆ ಒಂದು ಸೌಲಭ್ಯ ಕೊಟ್ಟಿದ್ದೆವು. ಒಂದೊಂದು ಅಕ್ಷರ ಬಿದ್ದಾಗಲೂ ಹುಡುಕುತ್ತದೆ. "ತೊಗ" ಅಂತ ಹೊಡೆದರೆ ತೊಗರಿಬೇಳೆ ಬರಬೇಕು, ಅಲ್ವಾ? ಆ ಹುಡುಕಾಟ ಪಟ್ಟಿಯ ಮೊದಲಿಂದ ಕೊನೆಯವರೆಗೆ ಪ್ರತಿ ಹೆಸರನ್ನೂ ನೋಡುತ್ತಿತ್ತು. ಪದದ ನಡುವಿನ ಅಕ್ಷರಕ್ಕೂ ಹೊಂದಿಸಬೇಕಿದ್ದರಿಂದ ಇಂಡೆಕ್ಸ್, ಅಂದರೆ ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿ, ಉಪಯೋಗಕ್ಕೆ ಬರುತ್ತಿರಲಿಲ್ಲ. ನಮ್ಮ ಆಫೀಸಿನ ಒಳ್ಳೆಯ ಫೋನಿನಲ್ಲಿ ಒಂದು ಹುಡುಕಾಟಕ್ಕೆ 8 ಮಿಲಿಸೆಕೆಂಡು. ಯಾರಿಗೂ ಗೊತ್ತೇ ಆಗಲಿಲ್ಲ. ಅಂಗಡಿಯ ಅಗ್ಗದ ಟ್ಯಾಬ್ಲೆಟ್‌ನಲ್ಲಿ 70. ಹದಿಮೂರು ಅಂಕಿಗೆ ಹದಿಮೂರು ಹುಡುಕಾಟ. ಲೆಕ್ಕ ಹಾಕಿ, 910 ಮಿಲಿಸೆಕೆಂಡು. ಒಂದು ಸೋಪಿಗೆ ಸುಮಾರು ಒಂದು ಸೆಕೆಂಡು.

ಒಂದು ಸೆಕೆಂಡು ತಾನೇ ಅಂತ ಅನ್ನಿಸಬಹುದು. ಆದರೆ ಕೌಂಟರಿನಲ್ಲಿದ್ದ ಹುಡುಗ ಒಂದು ಸೆಕೆಂಡಿಗೆ ಎರಡು ಸಾಮಾನು ತೋರಿಸುತ್ತಿದ್ದ. ಆ್ಯಪ್ ನಿಂತಿದೆ ಅಂತ ಒತ್ತಿದ ಕೀ ಎಲ್ಲೂ ಮಾಯವಾಗುವುದಿಲ್ಲ. ಅವೆಲ್ಲ ಕ್ಯೂನಲ್ಲಿ ನಿಲ್ಲುತ್ತವೆ. ಹತ್ತು ಸಾಮಾನು ಆಗುವ ಹೊತ್ತಿಗೆ ಆ್ಯಪ್ ನಾಲ್ಕು ಸೆಕೆಂಡು ಹಿಂದೆ ಬಿದ್ದಿರುತ್ತಿತ್ತು. ಇನ್ನೊಂದೆರಡು ಸಾಮಾನಿಗೆ ಆ ಪ್ರಸಿದ್ಧ ಪೆಟ್ಟಿಗೆ ಬರುತ್ತಿತ್ತು. ಆ್ಯಪ್ ಪ್ರತಿಕ್ರಿಯಿಸುತ್ತಿಲ್ಲ, ಮುಚ್ಚಬೇಕೇ, ಕಾಯಬೇಕೇ? ಅಂಗಡಿಯವರು ಫೋನ್ ಮಾಡಿ ಹೇಳಿದ್ದು ಇಷ್ಟೇ: "ನಿಮ್ ಆ್ಯಪ್‌ಗಿಂತ ನಮ್ ಹಳೇ ಕ್ಯಾಲ್ಕುಲೇಟರ್ ವಾಸಿ ಕಣ್ರೀ."

ಆ ಪೆಟ್ಟಿಗೆ ಬರುವುದು ಹೇಗೆ ಅಂತ ಸ್ವಲ್ಪ ನೋಡೋಣ. ಥ್ರೆಡ್ ಅಂದರೆ ಪ್ರೋಗ್ರಾಂ ಒಳಗೆ ಒಂದಾದ ಮೇಲೊಂದು ಕೆಲಸ ಮಾಡುವ ಒಬ್ಬ ಕೆಲಸಗಾರ. ಪರದೆ ನೋಡಿಕೊಳ್ಳುವವನು, ಮುಟ್ಟಿದ್ದಕ್ಕೆ ಓಗೊಡುವವನು ಮೇನ್ ಥ್ರೆಡ್. ಬಹಳ ಜನ "ಮೇನ್ ಥ್ರೆಡ್ 5 ಸೆಕೆಂಡು ನಿಂತರೆ ಬರುತ್ತದೆ" ಅಂತ ಹೇಳುತ್ತಾರೆ. ಅಷ್ಟು ಸರಳ ಅಲ್ಲ. ಆಂಡ್ರಾಯ್ಡ್‌ನಲ್ಲಿ ಮುಟ್ಟಿದ್ದನ್ನು, ಒತ್ತಿದ್ದನ್ನು ಓದುವುದಕ್ಕೆ ಸಿಸ್ಟಮ್ ಒಳಗೆ ಒಂದು ಥ್ರೆಡ್ ಇದೆ. ಅದನ್ನು ಸರಿಯಾದ ಆ್ಯಪ್‌ಗೆ ಹಂಚುವುದಕ್ಕೆ ಇನ್ನೊಂದು. ಹಂಚುವವನು ಆ್ಯಪ್‌ನ ಮೇನ್ ಥ್ರೆಡ್‌ಗೆ ಸುದ್ದಿ ಕಳಿಸಿ "ಮುಗಿಸಿದೆ" ಅನ್ನುವ ಉತ್ತರಕ್ಕೆ ಎದುರು ನೋಡುತ್ತಾನೆ. 5 ಸೆಕೆಂಡಿನೊಳಗೆ ಉತ್ತರ ಬರದಿದ್ದರೆ ದೂರು ಕೊಡುತ್ತಾನೆ. ಅಂದರೆ ಯಾರೂ ಮುಟ್ಟದೇ ಇದ್ದರೆ ನಿಮ್ಮ ಆ್ಯಪ್ 20 ಸೆಕೆಂಡು ನಿಂತಿದ್ದರೂ ಈ ದೂರು ಏಳುವುದಿಲ್ಲ. ಟೆಸ್ಟ್ ಮಾಡುವಾಗ ಸುಮ್ನೆ ನೋಡುತ್ತಾ ಕೂತರೆ ಏನೂ ಸಿಗಲ್ಲ. ಪರದೆಯನ್ನು ಕುಟ್ಟಬೇಕು.

ಮತ್ತೆ ಈ 5 ಸೆಕೆಂಡನ್ನು ಗುರಿ ಅಂತ ತಿಳಿಯಬೇಡಿ. ಅದು ಹೆಣ ಎತ್ತುವ ಹೊತ್ತು. ಕೀ ಒತ್ತಿದರೆ 0.1 ಸೆಕೆಂಡಿನೊಳಗೆ ಏನಾದರೂ ಕಾಣಬೇಕು ಅಂತ ರಾಬರ್ಟ್ ಮಿಲ್ಲರ್ ಎನ್ನುವವರು 1968ರಲ್ಲೇ ಬರೆದಿದ್ದರು. ಮೌಸ್ ಕೂಡ ಸರಿಯಾಗಿ ಬಂದಿರದ ಕಾಲ ಅದು. ಇವತ್ತಿನ ಲೆಕ್ಕ ಇನ್ನೂ ಬಿಗಿ. ಪರದೆ ಸೆಕೆಂಡಿಗೆ 60 ಸಲ ಬದಲಾದರೆ ಒಂದು ಚಿತ್ರಕ್ಕೆ ಸಿಗುವುದು 16.7 ಮಿಲಿಸೆಕೆಂಡು. 120 ಸಲ ಆದರೆ 8.3. ವೆಬ್ ಕಡೆಯವರಿಗೆ 2024ರ ಮಾರ್ಚ್‌ನಿಂದ ಗೂಗಲ್ ಇಟ್ಟಿರುವ ಅಳತೆಯಲ್ಲಿ 200 ಮಿಲಿಸೆಕೆಂಡಿನೊಳಗೆ ಇದ್ದರೆ "ಚೆನ್ನಾಗಿದೆ", 500 ದಾಟಿದರೆ "ಕೆಟ್ಟದ್ದು".

ಸರಿ, ಅಂಗಡಿಗೆ ವಾಪಸ್. ನಾವು ಏನು ಮಾಡಿದೆವು? ಎಲ್ಲರೂ ಮಾಡುವುದನ್ನೇ. ಹುಡುಕಾಟವನ್ನು ಬೇರೆ ಥ್ರೆಡ್‌ಗೆ ಹಾಕಿದೆವು. ನಾಲ್ಕು ಥ್ರೆಡ್‌ಗಳ ಒಂದು ಗುಂಪು. ಬಂದ ಹುಡುಕಾಟವನ್ನು ಯಾರು ಖಾಲಿ ಇದ್ದಾರೋ ಅವರು ತೆಗೆದುಕೊಳ್ಳುತ್ತಾರೆ. ಪರದೆ ಬೆಣ್ಣೆಯ ಹಾಗೆ ಓಡಿತು. ನಾವು ಖುಷಿಯಾಗಿ ಊರಿಗೆ ಬಂದೆವು.

ಎರಡು ದಿನ ಆದ ಮೇಲೆ ಮತ್ತೆ ಫೋನ್. ಈ ಸಲ ಸ್ಟ್ರಕ್ ಆಗಿರಲಿಲ್ಲ. ಬಟ್ಟೆ ಸೋಪು ಸ್ಕ್ಯಾನ್ ಮಾಡಿದರೆ ಬಿಲ್ಲಿನಲ್ಲಿ ಊದುಬತ್ತಿ ಬರುತ್ತಿತ್ತು.

ಕಾರಣ ನಿಮಗೆ ಹೊಳೆದಿರಬಹುದು. "8901" ಅಂತ ನಾಲ್ಕು ಅಂಕಿ ಬಿದ್ದಾಗ ಶುರುವಾದ ಹುಡುಕಾಟಕ್ಕೆ ಸಾವಿರಾರು ಸಾಮಾನು ಸಿಗುತ್ತದೆ, ಅದು ನಿಧಾನ. ಪೂರ್ತಿ 13 ಅಂಕಿಯ ಹುಡುಕಾಟಕ್ಕೆ ಒಂದೇ ಸಾಮಾನು, ಅದು ಬೇಗ ಮುಗಿಯುತ್ತದೆ. ಮೊದಲು ಹೊರಟವನು ಆಮೇಲೆ ಬಂದ. ಸರಿಯಾದ ಉತ್ತರದ ಮೇಲೆ ಹಳೆಯ ಉತ್ತರ ಕೂತುಕೊಂಡಿತು. ಎಂಟರ್ ಕೀ ಪಟ್ಟಿಯ ಮೇಲಿನ ಸಾಮಾನನ್ನು ಬಿಲ್ಲಿಗೆ ಹಾಕುತ್ತಿತ್ತು. ಆ ಕ್ಷಣಕ್ಕೆ ಮೇಲಿದ್ದದ್ದು ಊದುಬತ್ತಿ.

ನಿಧಾನವಾದ ಆ್ಯಪ್ ಬೈಸಿಕೊಳ್ಳುತ್ತದೆ. ತಪ್ಪು ಬಿಲ್ ಕೊಡುವ ಆ್ಯಪ್ ಜಗಳ ತರುತ್ತದೆ. ಒಂದೇ ಥ್ರೆಡ್ ಇದ್ದಾಗ ನಮಗೆ ಒಂದು ವರ ಪುಕ್ಕಟೆ ಸಿಕ್ಕಿತ್ತು, ಅದೇ ಕ್ರಮ. ಮೊದಲು ಒತ್ತಿದ್ದು ಮೊದಲು. ನಾಲ್ಕು ಜನಕ್ಕೆ ಹಂಚಿದ ದಿನವೇ ಅದು ಕೈತಪ್ಪಿತು, ಮತ್ತೆ ನಾವು ಗಮನಿಸಲೇ ಇಲ್ಲ.

ಕ್ರಮ ಎಷ್ಟು ಮುಖ್ಯ ಅನ್ನುವುದಕ್ಕೆ ಕನ್ನಡ ಟೈಪಿಂಗ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ನಿಮಗೆ ಗೊತ್ತಲ್ಲ, ನುಡಿ ತಂತ್ರಾಂಶದಲ್ಲಿ ಇರುವುದು. ಅದರಲ್ಲಿ ಒತ್ತಕ್ಷರಕ್ಕೆ ಎಫ್ ಕೀ. "ಅಕ್ಕ" ಬರೆಯಬೇಕಾದರೆ ಎ, ಕೆ, ಎಫ್, ಕೆ. ಈಗ ಕೊನೆಯ ಎರಡು ಕೀಗಳು ಬೇರೆ ಬೇರೆ ಥ್ರೆಡ್‌ಗೆ ಹೋಗಿ ಕೆ ಮೊದಲು ಬಂತು, ಎಫ್ ಆಮೇಲೆ ಬಂತು ಅಂದುಕೊಳ್ಳಿ. ಪರದೆಯಲ್ಲಿ "ಅಕಕ್" ಬರುತ್ತದೆ. ಇಂಗ್ಲಿಷ್‌ನಲ್ಲಿ ಎರಡು ಅಕ್ಷರ ಅದಲುಬದಲಾದರೆ ಕಾಗುಣಿತ ತಪ್ಪಾಗುತ್ತದೆ, ಓದುಗರು ಹೇಗೋ ಓದಿಕೊಳ್ಳುತ್ತಾರೆ. ನಮ್ಮಲ್ಲಿ ಅಕ್ಷರದ ಆಕಾರವೇ ಬದಲಾಗಿಬಿಡುತ್ತದೆ. ಅದಕ್ಕೇ ಕೀ ಒತ್ತುವಿಕೆಯನ್ನು ಯಾವತ್ತೂ ಗುಂಪಿಗೆ ಹಂಚಬೇಡಿ. ಒಂದೇ ಸಾಲು, ಒಬ್ಬನೇ ಕೆಲಸಗಾರ.

ಕೀಬೋರ್ಡ್ ಮಾತು ಬಂದಿದ್ದರಿಂದ ಇನ್ನೊಂದು. ಆಂಡ್ರಾಯ್ಡ್‌ನಲ್ಲಿ ಕೀಬೋರ್ಡ್ ಅನ್ನುವುದೇ ಬೇರೆ ಆ್ಯಪ್, ಬೇರೆ ಪ್ರೋಸೆಸ್. "ಕರ್ಸರ್‌ನ ಹಿಂದೆ ಯಾವ ಅಕ್ಷರ ಇದೆ?" ಅಂತ ಅದು ನಿಮ್ಮ ಆ್ಯಪನ್ನು ಕೇಳಬೇಕಾಗುತ್ತದೆ. ಕನ್ನಡದಲ್ಲಿ ಬ್ಯಾಕ್‌ಸ್ಪೇಸ್ ಒತ್ತಿದಾಗ ಒತ್ತಕ್ಷರ ಮಾತ್ರ ಅಳಿಸಬೇಕೋ, ಇಡೀ ಅಕ್ಷರವೋ ಅಂತ ತೀರ್ಮಾನಿಸಲು ಇದು ಬೇಕಾಗಬಹುದು. ಕೇಳಿದ ಮೇಲೆ ಉತ್ತರ ಬರುವವರೆಗೆ ಅದು ಕಾಯುತ್ತದೆ. ಉತ್ತರ ಕೊಡಬೇಕಾದವನು ನಿಮ್ಮ ಮೇನ್ ಥ್ರೆಡ್. ಅವನು ಡೇಟಾಬೇಸ್ ಓದುತ್ತಾ ಕೂತಿದ್ದರೆ ಕೀಬೋರ್ಡೂ ನಿಂತಿತು. ಜನ ಬೈಯುವುದು ಯಾರನ್ನು? ಕೀಬೋರ್ಡನ್ನು! "ಕನ್ನಡ ಕೀಬೋರ್ಡ್ ತುಂಬಾ ಸ್ಲೋ" ಅಂತ ಒಂದು ಸ್ಟಾರ್ ಕೊಟ್ಟುಬಿಡುತ್ತಾರೆ. ತಪ್ಪು ಮಾಡಿದವರು ನಾವು.

ಊದುಬತ್ತಿ ಸಮಸ್ಯೆಯನ್ನು ಹೇಗೆ ಬಿಡಿಸಿದೆವು ಅಂತ ಹೇಳುತ್ತೇನೆ. ನಮ್ಮ ಇನ್‌ಪುಟ್‌ಗಳನ್ನೆಲ್ಲ ಎರಡು ಗುಡ್ಡೆ ಮಾಡಿದೆವು. ಒಂದು, ಹೊಸದು ಬಂದರೆ ಹಳೆಯದು ಬೇಡವಾಗುವ ಜಾತಿ. ಹುಡುಕಾಟ, ಸ್ಕ್ರೋಲ್, ಧ್ವನಿ ಜಾಸ್ತಿ ಕಮ್ಮಿ ಮಾಡುವ ಪಟ್ಟಿ ಇವೆಲ್ಲ ಅದು. "ಮೈ" ಅಂತ ಹುಡುಕುತ್ತಿದ್ದವನು "ಮೈಸೂರ್ ಸ್ಯಾಂಡಲ್" ಅಂತ ಪೂರ್ತಿ ಮಾಡಿದ ಮೇಲೆ "ಮೈ"ಗೆ ಬರುವ ಉತ್ತರ ಯಾರಿಗೆ ಬೇಕು? ಇಂಥದ್ದಕ್ಕೆ ಪ್ರತಿ ಹುಡುಕಾಟಕ್ಕೂ ಒಂದು ನಂಬರ್ ಕೊಟ್ಟೆವು. ಉತ್ತರ ಮೇನ್ ಥ್ರೆಡ್‌ಗೆ ವಾಪಸ್ ಬಂದಾಗ "ನಿನ್ನ ನಂಬರ್ ಎಷ್ಟು?" ಅಂತ ಕೇಳುತ್ತೇವೆ. ಕೊನೆಯ ನಂಬರ್ ಅಲ್ಲದಿದ್ದರೆ ಎಸೆಯುತ್ತೇವೆ. ಇನ್ನೂ ಮುಗಿಯದ ಹಳೆಯ ಹುಡುಕಾಟವನ್ನು ಅರ್ಧಕ್ಕೇ ರದ್ದು ಮಾಡುತ್ತೇವೆ. ಬೆರಳು ಒಂದು ಕ್ಷಣ ನಿಂತ ಮೇಲೆ ಮಾತ್ರ ಹುಡುಕುವುದು ಅಂತಲೂ ಮಾಡಿದೆವು. ಸ್ಕ್ಯಾನರ್‌ನ ಹದಿಮೂರು ಹುಡುಕಾಟ ಅಲ್ಲಿಗೆ ಒಂದಕ್ಕೆ ಇಳಿಯಿತು. ನಿಜ ಹೇಳಬೇಕೆಂದರೆ ಇದನ್ನು ಮೊದಲೇ ಮಾಡಿದ್ದರೆ ಆ ನಾಲ್ಕು ಥ್ರೆಡ್‌ಗಳೇ ಬೇಕಿರಲಿಲ್ಲ.

ಎರಡನೆಯ ಗುಡ್ಡೆ, ಒಂದನ್ನೂ ಬಿಡುವಂತಿಲ್ಲ, ಕ್ರಮವೂ ತಪ್ಪುವಂತಿಲ್ಲ ಅನ್ನುವ ಜಾತಿ. ಬಿಲ್ಲಿಗೆ ಸೇರಿಸುವುದು, ಟೈಪ್ ಮಾಡುವುದು, ಹಣ ಕೊಡುವುದು. ಇವು ಒಂದೇ ಕ್ಯೂನಲ್ಲಿ, ಒಂದೇ ಥ್ರೆಡ್‌ನಲ್ಲಿ ಆಗಬೇಕು. ಇಲ್ಲಿ ಒಂದು ಸೂಕ್ಷ್ಮ ಇದೆ, ನಾವು ಎಡವಿದ್ದು ಅದರಲ್ಲೇ. ಎಂಟರ್ ಒತ್ತಿದಾಗ "ಪಟ್ಟಿಯಲ್ಲಿ ಮೇಲೆ ಏನಿದೆಯೋ ಅದನ್ನು ಸೇರಿಸು" ಅನ್ನುವ ಕೆಲಸ ಹಾಕಿದರೆ, ಆ ಕೆಲಸದ ಸರದಿ ಬರುವಾಗ ಪಟ್ಟಿ ಬದಲಾಗಿರುತ್ತದೆ. "ಈ 13 ಅಂಕಿಯ ಸಾಮಾನನ್ನು ಸೇರಿಸು" ಅಂತ ಹಾಕಬೇಕು. ಒತ್ತಿದ ಕ್ಷಣದಲ್ಲಿ ಬಾಕ್ಸ್‌ನಲ್ಲಿ ಏನಿತ್ತೋ ಅದರ ನಕಲು ತೆಗೆದು ಕೆಲಸದ ಜೊತೆಗೇ ಕಟ್ಟಿ ಕಳಿಸಬೇಕು. ಗಿರಾಕಿ ಬೆರಳು ತೋರಿಸಿದಾಗ ಕಂಡದ್ದು ಯಾವುದೋ ಅದೇ ಅವನಿಗೆ ಬೇಕಾದದ್ದು. ಆಮೇಲೆ ಯಾರೋ ಬಂದು ಕಪಾಟಿನ ಸಾಮಾನು ಬದಲಾಯಿಸಿದ್ದರೆ ಅದು ಅವನ ತಪ್ಪಲ್ಲ.

ಹಣ ಕೊಡುವ ಬಟನ್‌ಗೆ ಇನ್ನೂ ಒಂದು ಕಷ್ಟ ಇದೆ. ಬಟನ್ ಒತ್ತಿದ ತಕ್ಷಣ ಏನೂ ಕಾಣದಿದ್ದರೆ ಜನ ಇನ್ನೊಮ್ಮೆ ಒತ್ತುತ್ತಾರೆ. ನಾನೂ ಒತ್ತುತ್ತೇನೆ, ನೀವೂ ಒತ್ತುತ್ತೀರಿ. ಆಗಲೇ ಹೇಳಿದೆನಲ್ಲ, ಒತ್ತಿದ್ದು ಮಾಯವಾಗಲ್ಲ. ಆ್ಯಪ್ ಎಚ್ಚರ ಆದಾಗ ಎರಡೂ ನಡೆಯುತ್ತವೆ. ಬಟನ್ ಮಂಕಾಗುವುದು ಮೇನ್ ಥ್ರೆಡ್‌ನ ಮೊದಲ ಕೆಲಸ ಆಗಬೇಕು, ಆಮೇಲೆ ಉಳಿದದ್ದು. ಅಷ್ಟೂ ಸಾಲದು. ಆ ವಹಿವಾಟಿಗೆ ಒಂದು ಗುರುತಿನ ಸಂಖ್ಯೆ ಇದ್ದು, ಅದೇ ಸಂಖ್ಯೆ ಎರಡನೇ ಸಲ ಬಂದರೆ ಸರ್ವರ್ ಕೂಡ ಅದನ್ನು ಬಿಟ್ಟುಬಿಡಬೇಕು.

ಈಗ ಮೂರನೇ ಫೋನ್. ಇದು ಬಂದದ್ದು ಸುಮಾರು ತಿಂಗಳಾದ ಮೇಲೆ. "ಬಿಲ್ ಸರಿಯಾಗಿ ಬರ್ತಿದೆ. ಆದ್ರೆ ಸಂಜೆ ಹೊತ್ತು ಮತ್ತೆ ಸ್ಟ್ರಕ್." ದಿನಾ ಸಂಜೆ ಮಾತ್ರ!

ನಾವು ಕೋಡ್ ಪೂರ್ತಿ ನೋಡಿದೆವು. ಮೇನ್ ಥ್ರೆಡ್‌ನಲ್ಲಿ ಡೇಟಾಬೇಸ್ ಇಲ್ಲ, ನೆಟ್‌ವರ್ಕ್ ಇಲ್ಲ, ಫೈಲ್ ಇಲ್ಲ. ಎಲ್ಲ ಹಂಚಿಯಾಗಿದೆ. ಅಂದ ಹಾಗೆ ಮೇನ್ ಥ್ರೆಡ್‌ನಲ್ಲಿ ನೆಟ್‌ವರ್ಕ್ ಮುಟ್ಟಿದರೆ ಆಂಡ್ರಾಯ್ಡ್ 2011ರಿಂದಲೇ ಆ್ಯಪನ್ನು ಕೆಡವುತ್ತದೆ. ಡೇಟಾಬೇಸ್, ಫೈಲ್ ಮುಟ್ಟಿದರೆ ಸುಮ್ಮನಿರುತ್ತದೆ, ಸ್ಟ್ರಿಕ್ಟ್‌ಮೋಡ್ ಅನ್ನುವ ತಪಾಸಣೆ ಸೌಲಭ್ಯ ಹಾಕಿಕೊಂಡರೆ ಮಾತ್ರ ಎಚ್ಚರಿಸುತ್ತದೆ. ನಾವು ಅದನ್ನೂ ಹಾಕಿ ನೋಡಿದೆವು. ಒಂದು ಎಚ್ಚರಿಕೆಯೂ ಬರಲಿಲ್ಲ.

ಕೊನೆಗೆ ಟ್ಯಾಬ್ಲೆಟ್ ತರಿಸಿ, ನಿಂತ ಕ್ಷಣದಲ್ಲಿ ಯಾವ ಥ್ರೆಡ್ ಎಲ್ಲಿದೆ ಅಂತ ಸಿಸ್ಟಮ್ ಬರೆದಿಡುವ ದಾಖಲೆ ತೆಗೆದೆವು. ಅದರಲ್ಲಿ ಮೇನ್ ಥ್ರೆಡ್‌ನ ಹೆಸರಿನ ಕೆಳಗೆ ಒಂದು ಸಾಲು. ಈ ಲಾಕ್‌ಗೆ (ಒಂದು ಸಲಕ್ಕೆ ಒಬ್ಬನೇ ಹಿಡಿಯಬಹುದಾದ ಬೀಗ) ಕಾಯುತ್ತಿದೆ, ಲಾಕ್ ಇರುವುದು 14ನೇ ಥ್ರೆಡ್ ಹತ್ತಿರ. ಸರಿ, 14ನೇ ಥ್ರೆಡ್ ಏನು ಮಾಡುತ್ತಿದೆ? ಅದು ಡೇಟಾಬೇಸ್ ಕನೆಕ್ಷನ್‌ಗೆ ಕಾಯುತ್ತಿದೆ. ಕನೆಕ್ಷನ್ ಯಾರ ಹತ್ತಿರ ಇದೆ? ದಿನದ ವ್ಯಾಪಾರವನ್ನು ಸರ್ವರ್‌ಗೆ ಕಳಿಸುವ ಸಿಂಕ್ ಥ್ರೆಡ್ ಹತ್ತಿರ. ಅದು ಏನು ಮಾಡುತ್ತಿದೆ? ನೆಟ್‌ವರ್ಕ್‌ಗೆ ಕಾಯುತ್ತಿದೆ!

ನೋಡಿ ಸರಪಳಿಯನ್ನು. ಕೌಂಟರಿನ ಹುಡುಗ "ಒಟ್ಟು" ಬಟನ್ ಒತ್ತುತ್ತಾನೆ. ಬಿಲ್ಲಿನ ಪಟ್ಟಿಯನ್ನು ಎರಡು ಥ್ರೆಡ್ ಒಟ್ಟಿಗೆ ಮುಟ್ಟಬಾರದು ಅಂತ ನಾವು ಅದಕ್ಕೊಂದು ಲಾಕ್ ಹಾಕಿದ್ದೆವು. ಮೇನ್ ಥ್ರೆಡ್ ಆ ಲಾಕ್ ಕೇಳುತ್ತದೆ. ಲಾಕ್ ಹಿಡಿದವನು ಅದನ್ನು ಹಿಡಿದುಕೊಂಡೇ ಡೇಟಾಬೇಸ್‌ಗೆ ಹೋಗಿದ್ದಾನೆ. ಡೇಟಾಬೇಸ್ ಹಿಡಿದವನು ಡೇಟಾಬೇಸಿನ ವಹಿವಾಟು (ಟ್ರಾನ್ಸಾಕ್ಷನ್) ತೆರೆದಿಟ್ಟುಕೊಂಡೇ ಒಂದೊಂದು ಬಿಲ್ಲನ್ನೂ ಸರ್ವರ್‌ಗೆ ಕಳಿಸುತ್ತಾ ಕೂತಿದ್ದಾನೆ. ಸಂಜೆ ಆ ಬೀದಿಯಲ್ಲಿ ನೆಟ್‌ವರ್ಕ್ ನಿಧಾನ. ಹೀಗಾಗಿ ನಮ್ಮ ಮೇನ್ ಥ್ರೆಡ್ ನೆಟ್‌ವರ್ಕ್ ಮುಟ್ಟದೆಯೇ ನೆಟ್‌ವರ್ಕ್‌ಗೆ ಕಾಯುತ್ತಿತ್ತು. ಮೂರು ಕೈ ದಾಟಿ.

ನಾನು ಇವತ್ತು ಇಲ್ಲಿಗೆ ಬಂದದ್ದು ಈ ಒಂದು ಮಾತು ಹೇಳುವುದಕ್ಕೆ. ಕೆಲಸವನ್ನು ಇನ್ನೊಂದು ಥ್ರೆಡ್‌ಗೆ ಕೊಡುವುದು ಸುಲಭ. ಅದಕ್ಕೆ ಒಂದು ಸಾಲು ಸಾಕು. ಕೊಟ್ಟ ಮೇಲೆ ಅವನಿಗೋಸ್ಕರ ಕಾಯದೇ ಇರುವುದು ಕಷ್ಟ. ಕಾಯುವ ಜಾಗಗಳು ಕೋಡಿನಲ್ಲಿ "ಕಾಯುತ್ತಿದ್ದೇನೆ" ಅಂತ ಬೋರ್ಡ್ ಹಾಕಿಕೊಂಡು ಕೂತಿರಲ್ಲ.

ನಮ್ಮ ಕೆಂಪು ಬಸ್ಸು ನೆನಪು ಮಾಡಿಕೊಳ್ಳಿ. ಡ್ರೈವರ್ ಸ್ಟೇರಿಂಗ್ ಹಿಡಿದಿರುತ್ತಾರೆ, ಕಂಡಕ್ಟರ್ ಟಿಕೆಟ್ ಕೊಡುತ್ತಾರೆ. ಕೆಲಸ ಹಂಚಿಕೆ ಚೊಕ್ಕ. ಕಂಡಕ್ಟರ್ ಎಷ್ಟೇ ಅವಸರ ಇದ್ದರೂ ಬಂದು ಸ್ಟೇರಿಂಗ್ ಮುಟ್ಟುವುದಿಲ್ಲ. ಸೀಟಿ ಊದುತ್ತಾರೆ, ಇಲ್ಲ "ರೈಟ್ ರೈಟ್" ಅಂತಾರೆ. ಆಂಡ್ರಾಯ್ಡ್‌ನಲ್ಲಿ, ಐಫೋನ್‌ನಲ್ಲಿ, ವಿಂಡೋಸ್‌ನಲ್ಲಿ ಎಲ್ಲ ಕಡೆ ಪರದೆಯ ಚಿತ್ರವನ್ನು ಅದರ ಸ್ವಂತ ಥ್ರೆಡ್ ಮಾತ್ರ ಮುಟ್ಟಬೇಕು, ಬೇರೆಯವರು ಸಂದೇಶ ಕಳಿಸಬೇಕು ಅನ್ನುವುದು ಇದೇ ನಿಯಮ. ಇಷ್ಟೆಲ್ಲ ಸರಿ ಇದ್ದೂ ಬಸ್ಸು ಯಾವಾಗ ನಿಲ್ಲುತ್ತದೆ? ಸ್ಟೇಜ್ ಹತ್ತಿರ ಬಂತು, ಇನ್ನೂ ಹತ್ತು ಜನಕ್ಕೆ ಟಿಕೆಟ್ ಆಗಿಲ್ಲ. "ಹೋಲ್ಡಾನ್!" ಬಸ್ಸು ಮರದ ಕೆಳಗೆ ನಿಲ್ಲುತ್ತದೆ. ಇಂಜಿನ್ ಚೆನ್ನಾಗಿದೆ, ರಸ್ತೆ ಖಾಲಿ ಇದೆ, ಡ್ರೈವರ್ ಕೈ ಕಟ್ಟಿ ಕೂತಿದ್ದಾರೆ. ನಮ್ಮ ಅಂಗಡಿಯ ಆ್ಯಪ್‌ನಲ್ಲಿ ಸಂಜೆ ಆದದ್ದು ಅಷ್ಟೇ.

ಇದು ನಮ್ಮಂಥ ಸಣ್ಣವರು ಮಾತ್ರ ಮಾಡುವ ತಪ್ಪು ಅಂದುಕೊಳ್ಳಬೇಡಿ. ಐಬಿಎಂನ ಓಎಸ್/2 ಅಂತ ಒಂದು ಆಪರೇಟಿಂಗ್ ಸಿಸ್ಟಮ್ ಇತ್ತು. ನಿಮ್ಮಲ್ಲಿ ಎಷ್ಟು ಜನ ನೋಡಿದ್ದೀರೋ. 1988ರಲ್ಲಿ ಅದಕ್ಕೆ ಕಿಟಕಿಗಳ ಪರದೆ ಬಂತು. ಒಳಗೆ ಥ್ರೆಡ್‌ಗಳಿದ್ದವು, ಒಂದು ಪ್ರೋಗ್ರಾಂ ಇನ್ನೊಂದನ್ನು ಕೆಡಿಸದ ಹಾಗೆ ಕಾಪಾಡುವ ವ್ಯವಸ್ಥೆ ಇತ್ತು. ಅದೇ ಕಾಲದ ವಿಂಡೋಸ್‌ಗಿಂತ ಎಷ್ಟೋ ಮುಂದಿತ್ತು. ಆದರೆ ಇಡೀ ಯಂತ್ರದ ಕೀ ಮತ್ತು ಮೌಸ್‌ಗೆ ಒಂದೇ ಕ್ಯೂ. ಮುಂದಿರುವ ಪ್ರೋಗ್ರಾಂ ತನ್ನ ಸಂದೇಶವನ್ನು ತೆಗೆದುಕೊಳ್ಳದಿದ್ದರೆ ಹಿಂದಿನ ಎಲ್ಲರೂ ಕಾಯಬೇಕು. ಒಂದು ಪ್ರೋಗ್ರಾಂ ಸಿಕ್ಕಿಕೊಂಡರೆ ಉಳಿದವು ಹಿಂದೆ ಚೆನ್ನಾಗಿಯೇ ಓಡುತ್ತಿರುತ್ತಿದ್ದವು, ಯಾವುದನ್ನೂ ಮುಟ್ಟುವುದಕ್ಕೆ ಮಾತ್ರ ಆಗುತ್ತಿರಲಿಲ್ಲ. ಸ್ಟ್ರಕ್!

ಅವರು ದಡ್ಡರಾಗಿದ್ದರೇ? ಇಲ್ಲ. ಅವರಿಗೂ ಚಿಂತೆ ಇದ್ದದ್ದು ಕ್ರಮದ್ದೇ. ನೀವು ವೇಗವಾಗಿ ಒಂದು ಶಾರ್ಟ್‌ಕಟ್ ಒತ್ತಿ, ಹೊಸ ಕಿಟಕಿ ತೆರೆಯುವ ಮೊದಲೇ ಟೈಪ್ ಶುರು ಮಾಡುತ್ತೀರಿ ಅಂದುಕೊಳ್ಳಿ. ಆ ಅಕ್ಷರಗಳು ಹೋಗಬೇಕಾದದ್ದು ಇನ್ನೂ ಹುಟ್ಟದ ಕಿಟಕಿಗೆ. ಮೊದಲ ಕೀ ಏನು ಮಾಡಿತು ಅಂತ ತಿಳಿಯದೆ ಎರಡನೇ ಕೀ ಯಾರದ್ದು ಅಂತ ಹೇಳಲಾಗದು. ಅದಕ್ಕೆ ಒಂದೇ ಕ್ಯೂ ಇಟ್ಟರು. ಕ್ರಮ ಉಳಿಯಿತು, ಓಗೊಡುವುದು ಹೋಯಿತು. 1993ರ ವಿಂಡೋಸ್ ಎನ್‌ಟಿ ಮತ್ತು ಆಮೇಲೆ ವಿಂಡೋಸ್ 95 ಪ್ರತಿ ಥ್ರೆಡ್‌ಗೂ ಅದರದೇ ಕ್ಯೂ ಕೊಟ್ಟವು. ಒಂದು ನಿಂತರೆ ಅದು ಮಾತ್ರ ನಿಲ್ಲುತ್ತದೆ. ಆದರೆ ಎರಡು ಥ್ರೆಡ್‌ಗಳ ಕ್ಯೂಗಳನ್ನು ಮತ್ತೆ ಗಂಟು ಹಾಕುವ ಒಂದು ಫಂಕ್ಷನ್ ಕೂಡ ವಿಂಡೋಸ್‌ನಲ್ಲಿದೆ, ಅಟ್ಯಾಚ್‌ಥ್ರೆಡ್‌ಇನ್‌ಪುಟ್ ಅಂತ. ಇನ್ನೊಬ್ಬರ ಕಿಟಕಿಯನ್ನು ಮುಂದೆ ತರಲು ಅಂತ ಅದನ್ನು ಎಲ್ಲಿಂದಲೋ ನಕಲು ಮಾಡಿ ಹಾಕಿಕೊಳ್ಳುತ್ತಾರೆ. ಹಾಕಿದ ಕ್ಷಣದಿಂದ ಅವರು ನಿಂತರೆ ನೀವೂ ನಿಂತಿರಿ. ಬಿಡಿಸಿಕೊಂಡಿದ್ದ ನೊಗಕ್ಕೆ ಮತ್ತೆ ಕತ್ತು ಕೊಟ್ಟ ಹಾಗೆ.

"ಹಾಗಾದರೆ ಪರದೆಯನ್ನೂ ಎಲ್ಲ ಥ್ರೆಡ್‌ಗಳೂ ಮುಟ್ಟುವ ಹಾಗೆ ಮಾಡಿದ್ದರೆ?" ಅಂತ ಯಾರೋ ಕೇಳುತ್ತಿದ್ದೀರಿ. ಅದನ್ನೂ ಮಾಡಿ ನೋಡಿದ್ದಾರೆ. ಜಾವಾದ ಮೊದಲ ಪರದೆ ಲೈಬ್ರರಿ ಎಡಬ್ಲ್ಯುಟಿ ಹಾಗೇ ಇರಬೇಕು ಅನ್ನುವ ಆಸೆಯಿಂದ ಶುರುವಾಯಿತು. ಆಮೇಲೆ ಬಂದ ಸ್ವಿಂಗ್ ಆ ಆಸೆ ಬಿಟ್ಟು ಒಂದೇ ಥ್ರೆಡ್ ಅಂತ ಕಟ್ಟುಮಾಡಿತು. ತೊಂದರೆ ಏನೆಂದರೆ, ಬೆರಳು ಮುಟ್ಟಿದ ಸುದ್ದಿ ಕೆಳಗಿನಿಂದ ಮೇಲೆ ಬರುತ್ತದೆ. ಆಪರೇಟಿಂಗ್ ಸಿಸ್ಟಮ್, ಕಿಟಕಿ, ಬಟನ್, ಕೊನೆಗೆ ನಿಮ್ಮ ಕೋಡ್. ನಿಮ್ಮ ಕೋಡ್ ಕೊಡುವ ಆಜ್ಞೆ ಮೇಲಿಂದ ಕೆಳಗೆ ಹೋಗುತ್ತದೆ. ಇಬ್ಬರೂ ದಾರಿಯುದ್ದಕ್ಕೂ ಲಾಕ್ ಹಿಡಿಯುತ್ತಾ ಬರುತ್ತಾರೆ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಮೇಲಿಂದ ಒಂದು ಲಾರಿ, ಕೆಳಗಿಂದ ಒಂದು ಬಸ್ಸು ಎದುರಾದ ಹಾಗೆ. ಇಬ್ಬರದೂ ತಪ್ಪಿಲ್ಲ, ಇಬ್ಬರೂ ಮುಂದೆ ಹೋಗುವ ಹಾಗಿಲ್ಲ. ಘಾಟಿಯಲ್ಲಾದರೆ ಯಾರೋ ಇಳಿದು ರಿವರ್ಸ್ ಹೊಡೆಸುತ್ತಾರೆ. ಲಾಕ್ ಹಿಡಿದ ಥ್ರೆಡ್‌ಗೆ ರಿವರ್ಸ್ ಗೇರ್ ಇಲ್ಲ. ಬಿಓಎಸ್ ಅನ್ನುವ ಸಿಸ್ಟಮ್ ಇನ್ನೊಂದು ದಾರಿ ಹಿಡಿದು ಪ್ರತಿ ಕಿಟಕಿಗೂ ಒಂದೊಂದು ಥ್ರೆಡ್ ಕೊಟ್ಟಿತು. ಬಹಳ ಚುರುಕಾಗಿತ್ತು. ಆದರೆ ಆ ಚುರುಕಿನ ಹೊರೆ ಪ್ರೋಗ್ರಾಂ ಬರೆಯುವವರ ತಲೆ ಮೇಲೆ. ಎರಡು ಕಿಟಕಿ ಇದ್ದ ಸಣ್ಣ ಪ್ರೋಗ್ರಾಂಗೂ ಲಾಕ್ ಲೆಕ್ಕ ಇಡಬೇಕಿತ್ತು.

ಬ್ರೌಸರ್‌ನ ಒಂದು ಉದಾಹರಣೆ ಹೇಳಿ ಮತ್ತೆ ಅಂಗಡಿಗೆ ಬರುತ್ತೇನೆ. ಕ್ರೋಮ್‌ನಲ್ಲಿ ಪುಟ ಸ್ಕ್ರೋಲ್ ಮಾಡುವುದಕ್ಕೇ ಬೇರೆ ಥ್ರೆಡ್ ಇದೆ. ಜಾವಾಸ್ಕ್ರಿಪ್ಟ್ ಏನೇ ಮಾಡುತ್ತಿರಲಿ, ಬೆರಳಿನ ಜೊತೆ ಪುಟ ಜಾರುತ್ತದೆ. ಕಾಗದದ ಮೇಲೆ ಅದ್ಭುತ. ಆದರೆ ಪುಟ ಬರೆದವರು ಸ್ಪರ್ಶಕ್ಕೆ ಕಿವಿಗೊಡುವ ಒಂದು ಸಾಲು ಹಾಕಿದ್ದರೆ, "ಈ ಸ್ಕ್ರೋಲ್ ಬೇಡ" ಅಂತ ಹೇಳುವ ಹಕ್ಕು ಆ ಸಾಲಿಗೆ ಇದೆ. ಹೇಳುತ್ತದೋ ಇಲ್ಲವೋ ಅಂತ ತಿಳಿಯಲು ಸ್ಕ್ರೋಲ್ ಥ್ರೆಡ್ ಪ್ರತಿ ಸಲ ಮೇನ್ ಥ್ರೆಡ್‌ಗೆ ಕಾಯಬೇಕು. ಮುಕ್ಕಾಲುಪಾಲು ಪುಟಗಳು ಬೇಡ ಅನ್ನುವುದೇ ಇಲ್ಲ, ಸುಮ್ನೆ ಲೆಕ್ಕ ಇಡಲು ಕಿವಿಗೊಟ್ಟಿರುತ್ತವೆ. ಆದರೂ ಕಾಯಬೇಕು! 2016ರಲ್ಲಿ ಕ್ರೋಮ್ 51 "ನಾನು ಅಡ್ಡ ಬರಲ್ಲ, ನೀನು ನಡಿ" ಅಂತ ಮೊದಲೇ ಮಾತು ಕೊಡುವ ಸೌಲಭ್ಯ ತಂದಿತು. ಪ್ಯಾಸಿವ್ ಲಿಸನರ್ ಅನ್ನುವುದು ಅದನ್ನೇ. ಬಹಳ ಜನ ಬಳಸಲಿಲ್ಲ. 2017ರಲ್ಲಿ ಕ್ರೋಮ್ 56 ಇಡೀ ಪುಟದ ಮೇಲೆ ಹಾಕಿದ ಸ್ಪರ್ಶದ ಲಿಸನರ್‌ಗಳೆಲ್ಲ ಹಾಗೇ ಅಂತ ತಾನೇ ತೀರ್ಮಾನ ಮಾಡಿಬಿಟ್ಟಿತು. ಕೆಲವು ಹಳೆಯ ಪುಟಗಳು ಕೆಟ್ಟವು, ಒಂದಿಷ್ಟು ಗಲಾಟೆ ಆಯಿತು. ನನಗೆ ಆ ತೀರ್ಮಾನ ಇಷ್ಟ.

ನಮ್ಮ ಸಂಜೆ ಸಮಸ್ಯೆಗೂ ಮದ್ದು ಇದೇ ಜಾತಿಯದ್ದು. ಮೊದಲನೆಯದಾಗಿ ಸಿಂಕ್ ಥ್ರೆಡ್ ವಹಿವಾಟು ತೆರೆದಿಟ್ಟು ನೆಟ್‌ವರ್ಕ್‌ಗೆ ಹೋಗುವುದನ್ನು ನಿಲ್ಲಿಸಿದೆವು. ಬೇಕಾದ ಬಿಲ್ಲುಗಳನ್ನು ಓದಿಕೋ, ಡೇಟಾಬೇಸ್ ಬಿಡು, ಆಮೇಲೆ ಕಳಿಸು. ಉತ್ತರ ಬಂದ ಮೇಲೆ "ಕಳಿಸಿಯಾಯಿತು" ಅಂತ ಗುರುತು ಹಾಕಲು ಮತ್ತೆ ಒಂದು ಚುಟುಕು ವಹಿವಾಟು. ನಮ್ಮ ಡೇಟಾಬೇಸ್ ಆಗಿದ್ದ ಎಸ್‌ಕ್ಯೂಲೈಟ್‌ನಲ್ಲಿ 2010ರಿಂದ ವಾಲ್ ಅನ್ನುವ ಮೋಡ್ ಇದೆ. ಒಬ್ಬ ಬರೆಯುತ್ತಿದ್ದರೂ ಬೇರೆಯವರು ಓದಬಹುದು. ಅದನ್ನೂ ಹಾಕಿದೆವು. ಆದರೆ ಅದನ್ನು ಮಾತ್ರ ಹಾಕಿ ಸುಮ್ಮನಾಗಿದ್ದರೆ ಬರೆಯುವವರಿಬ್ಬರು ಎದುರಾದ ದಿನ ಮತ್ತೆ ಅದೇ ಹಾಡು.

ಎರಡನೆಯದಾಗಿ, ಬಿಲ್ಲಿನ ಪಟ್ಟಿಯ ಲಾಕನ್ನೇ ತೆಗೆದೆವು. ಪಟ್ಟಿ ಬಿಲ್ ಥ್ರೆಡ್‌ನ ಸ್ವಂತ ಆಸ್ತಿ. ಬೇರೆ ಯಾರೂ ಮುಟ್ಟುವಂತಿಲ್ಲ. ಪ್ರತಿ ಬದಲಾವಣೆ ಆದ ಮೇಲೆ ಅದು ಪಟ್ಟಿಯ ಒಂದು ನಕಲನ್ನು, ಆಮೇಲೆ ಯಾರೂ ತಿದ್ದದ ನಕಲನ್ನು, ಮೇನ್ ಥ್ರೆಡ್‌ಗೆ ಕಳಿಸುತ್ತದೆ. ಮೇನ್ ಥ್ರೆಡ್ ಕೈಯಲ್ಲಿರುವ ನಕಲನ್ನು ತೋರಿಸುತ್ತದೆ. ಅದು ಕೆಲವು ಮಿಲಿಸೆಕೆಂಡು ಹಳೆಯದಿರಬಹುದು. ಇರಲಿ. ನಕಲು ತೆಗೆಯುವುದು ದುಬಾರಿ ಅಂತ ನಮ್ಮ ತಂಡದಲ್ಲೇ ಒಬ್ಬರು ವಾದ ಮಾಡಿದರು. ನಲವತ್ತು ಸಾಲಿನ ಬಿಲ್ಲಿಗೆ ಅಳೆದು ನೋಡಿದರೆ ಒಂದು ಮಿಲಿಸೆಕೆಂಡಿಗೂ ಕಮ್ಮಿ. ಲಾಕ್ ಹಿಡಿಯುವುದು ಅದಕ್ಕಿಂತ ಅಗ್ಗ, ನಿಜ. ಸಿಗದೇ ಇದ್ದಾಗ ಅದರ ಬೆಲೆ ಎಷ್ಟು ಅನ್ನುವುದನ್ನು ಮಾತ್ರ ಯಾರೂ ಮೊದಲೇ ಹೇಳಲಾರರು.

ಆಮೇಲೆ ನಾನು ಒಂದು ಅಭ್ಯಾಸ ಮಾಡಿಕೊಂಡೆ. ಕೋಡ್ ನೋಡುವಾಗ "ಈ ಸಾಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ?" ಅಂತ ಕೇಳುವುದನ್ನು ಬಿಟ್ಟೆ. "ಈ ಸಾಲು ಯಾರಿಗೆ ಕಾಯಬಹುದು, ಅವರು ಯಾರಿಗೆ ಕಾಯಬಹುದು?" ಅಂತ ಕೇಳುತ್ತೇನೆ. ಮೊದಲ ಪ್ರಶ್ನೆಗೆ ಒಳ್ಳೆಯ ಫೋನು ಸುಳ್ಳು ಉತ್ತರ ಕೊಡುತ್ತದೆ. ಹಾಗೇ ಮೇಜಿನ ಡ್ರಾಯರ್‌ನಲ್ಲಿ ಅಂಗಡಿಯಿಂದ ತರಿಸಿದ ಆ ಹಳೆಯ ಟ್ಯಾಬ್ಲೆಟ್ ಇಟ್ಟುಕೊಂಡಿದ್ದೇನೆ. ಏನೇ ಬರೆದರೂ ಮೊದಲು ಅದರ ಮೇಲೆ ಓಡಿಸುತ್ತೇನೆ. ಅದರ ಬ್ಯಾಟರಿ ಊದಿಕೊಂಡು ಈಗ ಹಿಂದಿನ ಮುಚ್ಚಳ ಸರಿಯಾಗಿ ಕೂರಲ್ಲ, ಬೇರೆ ಹುಡುಕಬೇಕು.

ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಬಂತು. "ಈಗ ಕೋಟ್ಲಿನ್‌ನಲ್ಲಿ ಕೋರೂಟೀನ್ ಇದೆಯಲ್ಲ ಸಾರ್, ಇದೆಲ್ಲ ತಾನಾಗೇ ಸರಿಹೋಗಲ್ವಾ?" ಒಳ್ಳೆಯ ಪ್ರಶ್ನೆ. ಕೋಟ್ಲಿನ್ ಆಂಡ್ರಾಯ್ಡ್ ಆ್ಯಪ್ ಬರೆಯುವ ಭಾಷೆ, ಕೋರೂಟೀನ್ ಅಂದರೆ ಅದರಲ್ಲಿ ನಡುವೆ ನಿಲ್ಲಿಸಿ ಮತ್ತೆ ಮುಂದುವರಿಸಬಹುದಾದ ಕೆಲಸ. ಅರ್ಧ ಸರಿಹೋಗುತ್ತದೆ. ಕೋರೂಟೀನ್ ಥ್ರೆಡ್ ಹಿಡಿದುಕೊಂಡು ಕಾಯುವುದಿಲ್ಲ. ಜಾಗ ಬಿಟ್ಟುಕೊಟ್ಟು, ಉತ್ತರ ಬಂದಾಗ ಮತ್ತೆ ಬಂದು ಕೂರುತ್ತದೆ. ಹೊಸ ಹುಡುಕಾಟ ಬಂದರೆ ಹಳೆಯದನ್ನು ರದ್ದು ಮಾಡುವುದೂ ಸುಲಭ. ಆದರೆ ಜಾಗ ಬಿಟ್ಟು ಹೋಗಿದ್ದಾಗ ಬೇರೆ ಕೀ ಬಂದು ಪಟ್ಟಿ ಬದಲಾಗಿರಬಹುದು. ಕ್ರಮದ ಜವಾಬ್ದಾರಿ ನಿಮ್ಮದೇ. ಮತ್ತೆ ಕೋರೂಟೀನ್ ಲೋಕದಲ್ಲೂ ರನ್‌ಬ್ಲಾಕಿಂಗ್ ಅನ್ನುವ ಒಂದು ಬಾಗಿಲು ಇದೆ. ಅದರೊಳಗೆ ಹಾಕಿದ ಕೆಲಸ ಮುಗಿಯುವವರೆಗೆ ಕರೆದ ಥ್ರೆಡ್ ಅಲ್ಲೇ ನಿಲ್ಲುತ್ತದೆ. ಮುಖ್ಯವಾಗಿ ಪ್ರೋಗ್ರಾಂನ ಮೇನ್ ಫಂಕ್ಷನ್‌ಗೆ ಮತ್ತು ಕೋಡಿನ ಪರೀಕ್ಷೆಗೆ ಅಂತ ಇರುವುದು, ಅವಸರದಲ್ಲಿ ಜನ ಎಲ್ಲ ಕಡೆ ಹಾಕುತ್ತಾರೆ. ಕಳೆದ ವಾರ ನಮ್ಮ ಕೋಡಿನಲ್ಲಿ ಹುಡುಕಿದಾಗ ಮೇನ್ ಥ್ರೆಡ್‌ನಲ್ಲೇ ಒಂದು ಸಿಕ್ಕಿತು. ಯಾರು ಬರೆದದ್ದು ಅಂತ ಇತಿಹಾಸ ತೆಗೆದು ನೋಡಿದೆ. 2019, ನನ್ನದೇ ಹೆಸರು. ಪಕ್ಕದಲ್ಲಿ ಟಿಪ್ಪಣಿ ಬೇರೆ ಬರೆದಿದ್ದೆ: "ಸದ್ಯಕ್ಕೆ ಇರಲಿ, ಆಮೇಲೆ ತೆಗೆಯಬೇಕು."